ಎರಡನೇ ಹೆರಿಗೆ ಮನೆಯಲ್ಲಿ: ಬೇಡ ಎನ್ನುವವರಿಗೆ ನನ್ನ ಉತ್ತರ

"ಇಷ್ಟು ಓದಿ, ಇಂಗ್ಲೆಂಡಿನಂಥ ದೇಶದಲ್ಲಿದ್ದುಕೊಂಡು, ಆಸ್ಪತ್ರೆ ಬಿಟ್ಟು ಮನೇಲಿ ಹೆರ್ತೀಯಾ?" ಎರಡನೇ ಹೆರಿಗೆಗೆ ಮನೆಯೂ ಆಗಬಹುದೇ ಎಂದು ಯೋಚಿಸುತ್ತಿದ್ದೇನೆ ಎಂದಾಗಿನಿಂದ ಊರಿನ ಬಂಧುಗಳು, ಇಲ್ಲಿನ ಕನ್ನಡದ ಗೆಳತಿಯರು, ವೈದ್ಯೆಯಾಗಿರುವ ನನ್ನ ಚಿಕ್ಕಮ್ಮನ ಮಗಳು ಎಲ್ಲರೂ ಇದೇ ಮಾತು ಕೇಳಿದ್ದಾರೆ. ನಿಮ್ಮ ಆತಂಕದ ಹಿಂದೆ ಪ್ರೀತಿಯಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ವಾದಗಳಿಗೆ ಮಾತ್ರ ಉತ್ತರ ಕೊಡಲೇಬೇಕು.

ಮನೆ ಹೆರಿಗೆಯಲ್ಲಿ ಮಗುವಿಗೆ ಅಪಾಯ ಜಾಸ್ತಿ ಎಂಬುದು ಸಾಬೀತಾಗಿದೆ ಎಂದಿರಿ. ಚೊಚ್ಚಲ ಹೆರಿಗೆಯಾದರೆ ಒಪ್ಪುತ್ತೇನೆ. ಇಂಗ್ಲೆಂಡಿನಲ್ಲಿ ಅಪಾಯದ ಲಕ್ಷಣಗಳಿಲ್ಲದ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ 'ಬರ್ತ್‌ಪ್ಲೇಸ್' ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೊದಲ ಹೆರಿಗೆಯನ್ನು ಮನೆಯಲ್ಲಿ ಮಾಡಿಸಿಕೊಳ್ಳಲು ಹೊರಟವರಲ್ಲಿ ಸಾವಿರಕ್ಕೆ ಸುಮಾರು 9 ಶಿಶುಗಳಿಗೆ ಗಂಭೀರ ತೊಂದರೆಯಾಗಿತ್ತು, ಆಸ್ಪತ್ರೆಯಲ್ಲಿ 5. ಆದರೆ ಮೊದಲೇ ಹೆತ್ತವರಲ್ಲಿ ಎರಡೂ ಕಡೆ ಸಾವಿರಕ್ಕೆ 3. ಇದೇ ತಾಯಂದಿರ ಲೆಕ್ಕ ನೋಡಿ: ಸಿಸೇರಿಯನ್ ಮನೆಯ ಗುಂಪಿನಲ್ಲಿ ಸಾವಿರಕ್ಕೆ 7, ಆಸ್ಪತ್ರೆಯ ಗುಂಪಿನಲ್ಲಿ 35. ಯೋನಿದ್ವಾರ ಕತ್ತರಿಸಿ ಹೊಲಿಗೆ ಹಾಕಿದ್ದು 15 ಮತ್ತು 56. ಇದನ್ನೆಲ್ಲ ನೋಡಿಯೇ ಇಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ, ತೊಡಕಿಲ್ಲದ ಬಸಿರಾದರೆ ಎರಡನೆಯ ಅಥವಾ ನಂತರದ ಹೆರಿಗೆಗೆ ಮನೆ ಸೂಕ್ತ ಎಂದು ತಿಳಿಸುವಂತೆ ಹೇಳಿದ್ದು. "ಮನೆ ಆರಿಸಿಕೊಳ್ಳುವವರೇ ಹೆಚ್ಚು ಆರೋಗ್ಯವಂತರಿರಬಹುದಲ್ಲ?" ಎಂದಳು ವೈದ್ಯೆ ತಂಗಿ. ಇರಬಹುದು. ಸಿಸೇರಿಯನ್ ತಪ್ಪಿದ್ದೆಲ್ಲ ಮನೆಯ ಮಹಿಮೆ ಎಂದು ನಾನೂ ಹೇಳುವುದಿಲ್ಲ. ಮಗುವಿನ ಕ್ಷೇಮದಲ್ಲಿ ಕೊರತೆಯಾಗುವುದಿಲ್ಲ ಎಂದಾದರೆ ನನಗೆ ಸಾಕು.

ಡಾಕ್ಟರಿಲ್ಲದೆ ಸೂಲಗಿತ್ತಿಯ ಕೈಲಿ ಜೀವ ಕೊಡುವುದೇ ಎಂಬುದು ಮುಂದಿನ ಮಾತು. ಇಲ್ಲಿನ ಮಿಡ್‌ವೈಫ್‌ಗಳು ಸಾಮಾನ್ಯವಾಗಿ ಮೂರು ವರ್ಷದ ಪದವಿ ಓದಿ, ನೋಂದಣಿಯಾಗಿ ಕೆಲಸಕ್ಕೆ ಬಂದವರು. ಸಹಜ ಹೆರಿಗೆಯಲ್ಲಿ ಅವರು ಯಾರ ಸಹಾಯಕಿಯರೂ ಅಲ್ಲ, ಜವಾಬ್ದಾರಿ ಅವರದೇ. ನಮ್ಮ ಮನೆಗೆ ಬರುವಾಕೆ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಹುಡುಕಿ, ನನ್ನ ಕೈಯನ್ನೂ ಅಲ್ಲಿಗೆ ಒಯ್ದು ತೋರಿಸುತ್ತಾರೆ. ಟೇಪಿನಲ್ಲಿ ಅಳೆದು ಬರೆದುಕೊಳ್ಳುತ್ತಾರೆ. ಹೆರಿಗೆಯ ದಿನ ನೋವು ಬಲಿತ ಮೇಲೆ ಹದಿನೈದು ನಿಮಿಷಕ್ಕೊಮ್ಮೆ, ಮಗು ಕೆಳಗಿಳಿಯುವ ಹೊತ್ತಿಗೆ ಐದು ನಿಮಿಷಕ್ಕೊಮ್ಮೆ, ನೋವೊಂದು ಇಳಿದ ಕೂಡಲೇ ಪೂರ್ತಿ ಒಂದು ನಿಮಿಷ ಎದೆಬಡಿತ ಕೇಳಬೇಕೆಂಬುದು ಅವರಿಗಿರುವ ನಿಯಮ. ನನ್ನ ಚೊಚ್ಚಲ ಹೆರಿಗೆ ಆದದ್ದು ನಮ್ಮ ರಾಜ್ಯದ ದೊಡ್ಡ ಆಸ್ಪತ್ರೆಯೊಂದರಲ್ಲಿ. ಅಂಗಾತ ಮಲಗಿಸಿದರು, ಅಮ್ಮನನ್ನು ಹೊರಗೆ ನಿಲ್ಲಿಸಿದರು, ಕೇಳದೆ ಕತ್ತರಿಸಿದರು. ಮಗು ಕ್ಷೇಮವಾಗಿ ಬಂತು ಎಂಬ ಕೃತಜ್ಞತೆ ನನಗಿದೆ. ಅಷ್ಟರಿಂದ ಉಳಿದದ್ದೆಲ್ಲ ಸರಿ ಎಂದಾಗುವುದಿಲ್ಲ.

ರಕ್ತಸ್ರಾವವಾದರೆ? ಇದು ನಿಮ್ಮ ವಾದಗಳಲ್ಲೇ ಗಟ್ಟಿಯಾದದ್ದು, ನನ್ನನ್ನೂ ರಾತ್ರಿ ಎಬ್ಬಿಸಿ ಕೂರಿಸಿದ್ದು. ಮಗು ಹುಟ್ಟುವ ಹೊತ್ತಿಗೆ ಮನೆಯಲ್ಲಿ ಇಬ್ಬರು ಮಿಡ್‌ವೈಫ್‌ಗಳಿರುತ್ತಾರೆ: ಒಬ್ಬರು ನನಗೆ, ಒಬ್ಬರು ಮಗುವಿಗೆ. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದು, ಉಸಿರಾಡದ ಮಗುವಿಗೆ ಗಾಳಿಯೂಡುವ ಚೀಲ-ಮಾಸ್ಕ್ ಅವರ ಬಳಿ ಇರುತ್ತವೆ. ಕೊಡಲು ರಕ್ತವಿರುವುದಿಲ್ಲ, ಆಪರೇಷನ್ ಥಿಯೇಟರ್ ಇರುವುದಿಲ್ಲ. ಅದಕ್ಕೇ ಸಾಗಿಸುವ ನಿರ್ಧಾರವನ್ನು ಬೇಗ ತೆಗೆದುಕೊಳ್ಳುತ್ತಾರೆ. ನನ್ನಂತೆ ಮೊದಲೇ ಹೆತ್ತು, ಮನೆಯಲ್ಲಿ ಹೆರಲು ಹೊರಟವರಲ್ಲಿ ನೂರಕ್ಕೆ ಸುಮಾರು 12 ಮಂದಿ ಹೆರಿಗೆಗೆ ಮುಂಚೆಯೋ ಆದ ಕೂಡಲೋ ಆಸ್ಪತ್ರೆ ಸೇರುತ್ತಾರೆ. ಅವರಲ್ಲಿ ನಾನೂ ಒಬ್ಬಳಾಗಬಹುದು. ಅದು ಸೋಲೆಂದು ನನಗನಿಸುವುದಿಲ್ಲ.

2024ರಲ್ಲಿ ಇಲ್ಲೇ ಮನೆ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ತೀರಿಕೊಂಡ ಸುದ್ದಿಯನ್ನು ಮೂವರು ಕಳಿಸಿದಿರಿ. ಓದಿ ಅತ್ತಿದ್ದೇನೆ. ಆಕೆಗೆ ಹಿಂದಿನ ಹೆರಿಗೆಯಲ್ಲೇ ರಕ್ತಸ್ರಾವವಾಗಿತ್ತು. ನನಗೂ ಹಾಗೆ ಆಗಿದ್ದರೆ, ಅಥವಾ ಮೊದಲನೆಯದು ಸಿಸೇರಿಯನ್ ಆಗಿದ್ದರೆ, ನಾನು ಮನೆಯ ಮಾತೇ ಎತ್ತುತ್ತಿರಲಿಲ್ಲ.

ಬರ್ತ್‌ಪ್ಲೇಸ್ ಅಧ್ಯಯನದ ಅಂಕಿಗಳು ಹೆಚ್ಚಾಗಿ ಬಿಳಿಯರವು ಎಂದು ಗೆಳತಿಯೊಬ್ಬಳು ಬರೆದಳು. ನಿಜ, ಈ ದೇಶದಲ್ಲಿ ಏಷ್ಯಾ ಮೂಲದ ತಾಯಂದಿರ ಸಾವಿನ ಪ್ರಮಾಣ ಬಿಳಿಯರಿಗಿಂತ ಹೆಚ್ಚಿದೆ. ಅದಕ್ಕೆಂದೇ ನನ್ನ ಪರೀಕ್ಷೆಗಳಲ್ಲಿ ನಾನು ಒಂದನ್ನೂ ಬಿಟ್ಟಿಲ್ಲ. ನಮ್ಮ ಮೂಲದವರಿಗೆ ಬಸಿರಿನ ಸಕ್ಕರೆ ಕಾಯಿಲೆಯ ಸಾಧ್ಯತೆ ಜಾಸ್ತಿ ಎಂದು 24ರಿಂದ 28 ವಾರದ ನಡುವೆ ಗ್ಲೂಕೋಸ್ ಕುಡಿಸಿ ರಕ್ತ ನೋಡುತ್ತಾರೆ. ಅದೂ ಆಗಿದೆ, ಸರಿಯಾಗಿದೆ.

ಇನ್ನು ನನ್ನ ಪರ ನಿಂತವರಿಗೂ ಒಂದು ಮಾತು. "ನಮ್ಮಜ್ಜಿ ಹತ್ತು ಮನೇಲೇ ಹೆತ್ತಳು" ಎಂಬ ಬೆಂಬಲ ನನಗೆ ಬೇಡ. ಆ ಹತ್ತರಲ್ಲಿ ಎಷ್ಟು ಉಳಿದವು ಎಂದು ಅಜ್ಜಿಯರನ್ನೇ ಕೇಳಿ. ಕರ್ನಾಟಕದಲ್ಲಿ 2004-06ರ ಹೊತ್ತಿಗೆ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು, 2018-20ಕ್ಕೆ ಅದು 69ಕ್ಕೆ ಇಳಿಯಿತು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ದ ಆಶಾ ಕಾರ್ಯಕರ್ತೆಯರಿಗೆ, ದಾದಿಯರಿಗೆ ಅದರ ದೊಡ್ಡ ಪಾಲು ಸಲ್ಲಬೇಕು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಅವರ ಕೈಗುಣಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಕೈಗಳ ಬೆನ್ನಿಗೆ ರಕ್ತನಿಧಿಯನ್ನೂ ಆಂಬುಲೆನ್ಸನ್ನೂ ನಾವು ಒದಗಿಸಲಿಲ್ಲ. ನಾನು ನಂಬುತ್ತಿರುವುದು ಅಂಥ ಕೈಯನ್ನೂ ಅದರ ಬೆನ್ನಿಗಿರುವ ವ್ಯವಸ್ಥೆಯನ್ನೂ, ಎರಡನ್ನೂ ಸೇರಿಸಿ.

"ಹಾಗಾದರೆ ನಮ್ಮೂರಿನವರಿಗೂ ಮನೇಲಿ ಹೆರಿ ಅಂತೀಯಾ?" ಇಲ್ಲ. ಊರಲ್ಲಿದ್ದರೆ ನಾನೂ ಆಸ್ಪತ್ರೆಗೇ ಹೋಗುತ್ತಿದ್ದೆ. ಕರ್ನಾಟಕದಲ್ಲಿ 2019-20ರ ಹೊತ್ತಿಗೇ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆಗಲೇ ನೂರಕ್ಕೆ ಸುಮಾರು 31 ಸಿಸೇರಿಯನ್. ಊರಿನವರಿಗಾಗಿ ನಾನು ಕೇಳುವುದು ಆಸ್ಪತ್ರೆಯ ಒಳಗೇ ಮಿಡ್‌ವೈಫ್‌ಗಳನ್ನು. ನರ್ಸ್‌ಗಳಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು ಮಿಡ್‌ವೈಫ್ ಮಾಡುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2018ರಲ್ಲೇ ಹೊರಡಿಸಿತು. ತೆಲಂಗಾಣ ಅದಕ್ಕೂ ಮುಂಚೆಯೇ ಶುರು ಮಾಡಿತ್ತು. ನಡೆದಾಡಲು ಬಿಡುವ, ಕೇಳಿ ಮುಟ್ಟುವ, ಪಕ್ಕದಲ್ಲಿ ಅಮ್ಮನನ್ನೋ ಗಂಡನನ್ನೋ ಇರಗೊಡುವ ಹೆರಿಗೆ ಕೋಣೆ ತಾಲ್ಲೂಕು ಆಸ್ಪತ್ರೆಗಳಿಗೂ ಬರಬೇಕು.

ಹಾಸಿಗೆ ಹಾಳಾಗುತ್ತದೆ, ಪಕ್ಕದ ಮನೆಯವರಿಗೆ ಕೇಳಿಸುತ್ತದೆ ಎಂಬುದಕ್ಕೆ ಪ್ಲಾಸ್ಟಿಕ್ ಹಾಸು ತಂದಿಟ್ಟಿದ್ದೇನೆ, ಪಕ್ಕದವರಿಗೆ ಹೇಳಿಯೂ ಇದ್ದೇನೆ. ಬಾಣಂತನಕ್ಕೆ ಅಮ್ಮ ಬರುತ್ತಾಳೆ.

ನಿರ್ಧಾರ ಇನ್ನೂ ಪೂರ್ತಿ ಆಗಿಲ್ಲ. ಹಿಮೋಗ್ಲೋಬಿನ್ ಇಳಿದರೆ, ಬಿಪಿ ಏರಿದರೆ, ಮಗು ತಲೆ ಮೇಲಾಗಿ ನಿಂತರೆ, 37 ವಾರಕ್ಕೆ ಮೊದಲೇ ನೋವು ಬಂದರೆ, ಅಥವಾ ಆ ರಾತ್ರಿ ಫೋನ್ ಮಾಡಿದಾಗ ಕಳಿಸಲು ಮಿಡ್‌ವೈಫ್‌ಗಳಿಲ್ಲ ಎಂದರೆ (ಸಿಬ್ಬಂದಿ ಕೊರತೆಯಿಂದ ಇಲ್ಲಿ ಹಾಗೂ ಆಗುತ್ತದೆ), ಆಸ್ಪತ್ರೆಗೇ ಹೋಗುತ್ತೇನೆ. ಮನೆ ನೋಡಿ ಮಾತಾಡಲು ಮಿಡ್‌ವೈಫ್ 36ನೇ ವಾರದಲ್ಲಿ ಬರುತ್ತಾರೆ. ತಂಗೀ, ವೈದ್ಯೆಯಾಗಿ ನಿನಗೆ ಇನ್ನೂ ಏನು ಕೇಳಬೇಕೋ ಅಷ್ಟರೊಳಗೆ ಬರೆದು ಕಳಿಸು. ಒಂದನ್ನೂ ಬಿಡದೆ ಅವರ ಮುಂದಿಟ್ಟು ಕೇಳುತ್ತೇನೆ.