ಎಲೆಯ ಬೆನ್ನು ನೋಡಿದ್ದೀರಾ?

ಹೊಸನಗರ ತಾಲೂಕಿನ ನಗರದ ಕಡೆಯಿಂದ ಸಹೋದರಿಯೊಬ್ಬರು ಕೇಳಿದ್ದಾರೆ: "ಬಾಲ್ಕನಿಯ ಕುಂಡದಲ್ಲಿರುವ ಕರಿಬೇವು, ಹಸಿಮೆಣಸಿನ ಗಿಡಗಳ ಎಲೆ ಹಾಳಾಗುತ್ತಿದೆ. ತೋಟಕ್ಕೆ ತಂದ ಔಷಧಿ ಸ್ವಲ್ಪ ಉಳಿದಿದೆ, ಅದನ್ನೇ ಹೊಡೆಯೋಣ ಎನ್ನುತ್ತಾರೆ ಮನೆಯವರು. ಹೊಡೆಯಬಹುದೇ?"

ಬೇಡ ಸಹೋದರಿ. ಆ ಕರಿಬೇವನ್ನು ನೀವು ಇವತ್ತು ಕಿತ್ತು ಇವತ್ತೇ ಒಗ್ಗರಣೆಗೆ ಹಾಕುತ್ತೀರಿ. ಕೀಟನಾಶಕ ಹೊಡೆದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದೆಂಬ ಲೆಕ್ಕವಿದೆ. ಅಡಿಗೆಮನೆಯ ಅವಸರದಲ್ಲಿ ಆ ಲೆಕ್ಕ ಇಡುವವರು ಯಾರು? ಅದೇ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತದೆ, ಅಂಬೆಗಾಲಿಡುವ ಮಗು ಆಡುತ್ತದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಣ್ಮಕಜೆಯಂಥ ಊರುಗಳಿಗೆ ಏನು ಮಾಡಿತೆಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ವಿಷವನ್ನು 'ಔಷಧಿ' ಎಂದು ಕರೆಯುವ ನಮ್ಮ ರೂಢಿಯೇ ಅರ್ಧ ಅನಾಹುತಕ್ಕೆ ಕಾರಣ.

ಉಳಿದಿರುವುದು ಬೋರ್ಡೋ ದ್ರಾವಣವಾದರೂ ಉತ್ತರ ಅದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಬರೆದ ಕಾಲದಿಂದ ಮೈಲುತುತ್ತ, ಸುಣ್ಣ ಮಲೆನಾಡಿನ ಮನೆಮಾತು. ಆದರೆ ಅದು ತಯಾರಿಸಿದ ದಿನವೇ ಬಳಸಬೇಕಾದದ್ದು. ಶಿಲೀಂಧ್ರ ಬಾರದಂತೆ ತಡೆಯುತ್ತದೆಯೇ ಹೊರತು ಹೇನಿಗೂ ಬೇರು ಕೊಳೆತದ್ದಕ್ಕೂ ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ಮೊದಲು ಏನು ನೋಡಬೇಕು? ಎಲೆಯನ್ನಲ್ಲ, ಮಣ್ಣನ್ನು. ಎರಡು ಗೆಣ್ಣು ಮುಳುಗುವಷ್ಟು ಬೆರಳು ಹಾಕಿ. ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿ ಜೋತುಬಿದ್ದರೆ ಬೇರು ಉಸಿರುಗಟ್ಟಿದೆ ಎಂದರ್ಥ. ಬಾಡಿತೆಂದು ಮತ್ತೆ ನೀರು ಹಾಕಿದರೆ ಗಿಡದ ಕಥೆ ಮುಗಿಯಿತು. ಕುಂಡದ ತಳದ ತೂತು ಕಟ್ಟಿರುತ್ತದೆ, ಕಡ್ಡಿಯಿಂದ ಬಿಡಿಸಿ, ಎರಡು ಇಟ್ಟಿಗೆಯ ಮೇಲೆ ಕುಂಡವನ್ನಿಟ್ಟು ಮಳೆ ಬೀಳದ ಕಡೆ ಸರಿಸಿ. ನಮ್ಮ ತೀರ್ಥಹಳ್ಳಿ, ಸಾಗರ, ಹೊಸನಗರದ ಆಷಾಢದ ಮಳೆಯಲ್ಲಿ ಹಾಳಾಗುವ ಕುಂಡಗಳಲ್ಲಿ ಹೆಚ್ಚಿನವು ಹೀಗೇ ಹಾಳಾಗುತ್ತವೆ. ತೂತು ಸರಿಯಿದ್ದರೆ ಇನ್ನೊಂದು ತೊಂದರೆ: ಮಳೆ ಗೊಬ್ಬರದ ಸಾರವನ್ನೆಲ್ಲ ತೊಳೆದುಬಿಡುತ್ತದೆ. ಆಗ ಕೆಳಗಿನ ಹಳೆ ಎಲೆಗಳು ಒಂದೇ ಸಮನೆ ಹಳದಿಯಾಗುತ್ತವೆ. ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಅದೇ ತುದಿಯ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಬೇರಿಗೆ ಕಬ್ಬಿಣದ ಅಂಶ ದಕ್ಕುತ್ತಿಲ್ಲ.

ಈಗ ಎಲೆ ತಿರುವಿ ಹಾಕಿ. ರೋಗದ ಗುಟ್ಟು ಬಹುಪಾಲು ಬೆನ್ನಿನಲ್ಲಿದೆ. ಇರುವೆ ಸಾಲಾಗಿ ಗಿಡ ಹತ್ತುತ್ತಿದ್ದರೆ ಮೇಲೆ ಹೇನು ಅಥವಾ ಹಿಟ್ಟುತಿಗಣೆ ಇದೆ. ಅವು ಸೂಸುವ ಸಿಹಿ ಅಂಟಿನ ಮೇಲೆಯೇ ಕಪ್ಪು ಬೂಷ್ಟು ಬೆಳೆಯುವುದು. ಬೂಷ್ಟಿಗೆ ಹೆದರಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಹೇನು ಉಳಿದರೆ ಮತ್ತೆ ಬರುತ್ತದೆ. ಎರಡು ಮೂರು ದಿನ ಎಲೆಯ ಅಡಿಗೆ ರಭಸವಾಗಿ ನೀರು ಹೊಡೆಯಿರಿ. ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಚೆನ್ನಾಗಿ ಕಲಸಿ, ಸಂಜೆ ಒಂದೆರಡು ಎಲೆಗೆ ಮಾತ್ರ ಹಚ್ಚಿ ನೋಡಿ. ಮರುದಿನ ಸುಡದಿದ್ದರೆ ಇಡೀ ಗಿಡಕ್ಕೆ. ಬಟ್ಟೆ ಒಗೆಯುವ ಪುಡಿ ಮಾತ್ರ ಬೇಡ.

ಮೆಣಸಿನ ಗಿಡದ ಎಲೆ ಮುರುಟಿದರೆ ಯಾವ ಕಡೆಗೆ ಮುರುಟಿದೆ ನೋಡಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್. ಕೆಳಕ್ಕೆ, ಕವುಚಿದ ದೋಣಿಯಂತಿದ್ದರೆ ನುಸಿ. ಬಿಳಿ ಹಾಳೆಯ ಮೇಲೆ ಚಿಗುರನ್ನು ತಟ್ಟಿದರೆ ಥ್ರಿಪ್ಸ್ ಗೆರೆಯಂತೆ ಓಡುವುದು ಕಾಣುತ್ತದೆ. ಮೆಣಸಿನ ನುಸಿ ಭೂತಗನ್ನಡಿಗೂ ಕಷ್ಟ. ಎರಡಕ್ಕೂ ಅದೇ ಬೇವಿನ ಎಣ್ಣೆ, ವಾರಕ್ಕೊಮ್ಮೆ. ಎಲೆ ಕಿರಿದಾಗಿ, ಹಳದಿ ಬಣ್ಣಕ್ಕೆ ತಿರುಗಿ, ಗಿಡ ಗುಜ್ಜಾರಿಯಾದರೆ ನಂಜಾಣು ತಗಲಿದೆ. ಕಿತ್ತು ಸುಟ್ಟುಬಿಡಿ, ಪಕ್ಕದ ಗಿಡವಾದರೂ ಉಳಿಯಲಿ.

ಕರಿಬೇವಿನ ಎಲೆ ದಂಟಷ್ಟೇ ಉಳಿದಿದ್ದರೆ ಹಕ್ಕಿಯ ಹಿಕ್ಕೆಯಂಥ ಮರಿಹುಳ ಹುಡುಕಿ. ದೊಡ್ಡದಾದ ಮೇಲೆ ಹಸಿರಾಗುವ ಇದು ನಿಂಬೆ ಚಿಟ್ಟೆಯ ಮರಿ. ಕೈಯಲ್ಲೇ ತೆಗೆದು, ನಾಲ್ಕು ಸೊಪ್ಪಿನೊಡನೆ ಡಬ್ಬದಲ್ಲಿಟ್ಟು ಮಕ್ಕಳಿಗೆ ಕೊಡಿ. ಚಿಟ್ಟೆಯಾಗುವುದನ್ನು ಅವರು ಮರೆಯುವುದಿಲ್ಲ. ಲೋಳೆಯ ಜಾಡಿದ್ದರೆ ಬಸವನಹುಳು, ರಾತ್ರಿ ಟಾರ್ಚ್ ಹಿಡಿದು ಹೆಕ್ಕಬೇಕು. ಗುಲಾಬಿ ಎಲೆಯ ಅಂಚನ್ನು ಕತ್ತರಿಯಲ್ಲಿ ದುಂಡಗೆ ಕತ್ತರಿಸಿದಂತಿದ್ದರೆ ಅದು ಗೂಡಿಗಾಗಿ ಎಲೆ ಒಯ್ಯುವ ಒಂಟಿ ಜೇನಿನ ಕೆಲಸ, ಬಿಟ್ಟುಬಿಡಿ.

ಮಳೆಗಾಲದ ಕಂದು, ಕಪ್ಪು ಚುಕ್ಕೆಗಳು ಹೆಚ್ಚಾಗಿ ಶಿಲೀಂಧ್ರದ್ದು. ಆ ಎಲೆಗಳನ್ನು ಕಿತ್ತು ದೂರ ಹಾಕಿ, ಕುಂಡಗಳ ನಡುವೆ ಗಾಳಿಯಾಡಲು ಬಿಡಿ, ನೀರನ್ನು ಬುಡಕ್ಕೆ ಮಾತ್ರ ಹಾಕಿ. ಒಮ್ಮೆ ಕೆಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಗುಣವಾಯಿತೇ ಎಂದು ತಿಳಿಯಲು ಎರಡು ಮೂರು ವಾರ ಕಾದು ಹೊಸ ಚಿಗುರನ್ನು ನೋಡಬೇಕು. ಆಗಲೂ ಗೊತ್ತಾಗದಿದ್ದರೆ ಹಾಳಾದ ಎಲೆ ಮತ್ತು ಒಳ್ಳೆಯ ಎಲೆ ಎರಡನ್ನೂ ಒಣ ಕಾಗದದಲ್ಲಿ ಸುತ್ತಿ ತಾಲೂಕಿನ ತೋಟಗಾರಿಕೆ ಕಚೇರಿಗೆ ಒಯ್ಯಿರಿ. ಸಾಗರದ ಕಡೆಯವರಿಗೆ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೂ ಹತ್ತಿರವೇ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ, ದಾರಿಯಲ್ಲೇ ಕೊಳೆಯುತ್ತದೆ.