ಸೊಪ್ಪಿನ ಸರಣಿ, ಭಾಗ 4: ಮದ್ದು ಸೊಪ್ಪನ್ನ ಡಬ್ಬಿಗೆ ತುಂಬ್ಬೇಡಿ

ಆಗಸ್ಟ್ 3 ಬಂತು ಅಂದ್ರೆ ನಮ್ಮ ಕೊಡಗಿನ ಫ್ರೆಂಡ್ಸ್ ಸ್ಟೋರಿಗಳೆಲ್ಲಾ ನೇರಳೆ. ಅವತ್ತು ಕಕ್ಕಡ 18, ಮದ್ದು ಪಾಯಸದ ದಿನ. ಜಯನಗರದಲ್ಲಿರೋ ಮನೆಗಳಿಗೂ ಊರಿಂದ ಸೊಪ್ಪಿನ ಕಟ್ಟು ಬರತ್ತೆ.

ಪಶ್ಚಿಮ ಘಟ್ಟದ ಮಳೆಕಾಡಿನ ನೆರಳಲ್ಲಿ, ತೇವ ಇರೋ ಕಡೆ ಬೆಳೆಯೋ ಪೊದೆ ಇದು. ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್, ನಮ್ಮ ಆಡುಸೋಗೆಯ ನೆಂಟ. ಎಲೆ ಸಾದಾ ಹಸಿರು. ಕುದಿಸಿದ್ರೆ ಮಾತ್ರ ನೀರು ಗಾಢ ನೇರಳೆ ಆಗತ್ತೆ. ಆ ನೀರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಹಾಕಿದ್ರೆ ಪಾಯಸ. ಪುಟ್ಟು ಮಾಡಿದ್ರೆ ಮೇಲೆ ತುಪ್ಪ, ಜೇನು. (ಆಮೇಲೆ ಮೂತ್ರ ಕೆಂಪಗೆ ಹೋಗತ್ತೆ. ಗಾಬರಿ ಬೇಡ, ಸೊಪ್ಪಿನ ಬಣ್ಣ ಅಷ್ಟೇ.)

ಕಕ್ಕಡ ಶುರುವಾದಾಗಿಂದ ದಿನಕ್ಕೊಂದು ಮದ್ದು ಈ ಗಿಡಕ್ಕೆ ಸೇರತ್ತೆ, 18ನೇ ದಿನಕ್ಕೆ 18 ಆಗತ್ತೆ ಅನ್ನೋದು ಹಿರಿಯರ ನಂಬಿಕೆ. ಆ ಲೆಕ್ಕ ನಂಗಿಷ್ಟ. ಆದ್ರೆ ಅದನ್ನೇ ಹಿಡ್ಕೊಂಡು "18 ರೋಗಕ್ಕೆ ಒಂದೇ ಔಷಧಿ" ಅನ್ನೋದಿದ್ಯಲ್ಲ, ಅದು ಸುಳ್ಳು. ಎಲೆಯಲ್ಲಿ ಆ್ಯಂಟಿ ಆಕ್ಸಿಡೆಂಟ್ ಗುಣ ಇದೆ ಅಂತ ಲ್ಯಾಬ್ ಪರೀಕ್ಷೆಗಳಲ್ಲಿ ಕಂಡಿದೆ, ನಿಜ. ಹಾಗಂತ ನಿಮ್ಮ ಅಜ್ಜಿ ಶುಗರ್ ಮಾತ್ರೆ ಬಿಟ್ಟು ಇದರ ಪೌಡರ್ ಕುಡೀಬಹುದು ಅಂತಲ್ಲ. ಅಂಥ ಫಾರ್ವರ್ಡ್ ಬಂದ್ರೆ ಅಲ್ಲೇ ನಿಲ್ಸಿ, ಪ್ಲೀಸ್.

ಇನ್ನೊಂದು ವಿಷ್ಯ. ಕಕ್ಕಡ ಅಂದ್ರೆ ಜಡಿಮಳೆ, ಗದ್ದೆ ನಾಟಿ. ದಿನವಿಡೀ ಕೆಸರಲ್ಲಿ ನೆಂದು ಬಂದವರಿಗೆ ಮೈ ಬೆಚ್ಚಗಾಗೋಕೆ ಅಂತ ಇದ್ದ ಊಟ, ಅದೂ ವರ್ಷಕ್ಕೊಂದು ಸಲ. ಬಿಟಿಎಂ ಲೇಔಟಲ್ಲಿ ಎಸಿ ಹಾಕ್ಕೊಂಡು ಕೂತಿರೋ ನಮಗೋಸ್ಕರ ವರ್ಷಪೂರ್ತಿ ಸ್ಯಾಶೆಲಿ ಬೇಕು ಅಂದ್ರೆ, ಆ ಎಲೆ ಎಲ್ಲಿಂದ ಬರ್ಬೇಕು? ಕಾಡಿಂದಾನೇ ತಾನೆ.

ಗೊತ್ತಿರೋರ ಕೈಲೇ ಕೊಯ್ಸಿ. ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು: ಆಟಿ ಅಮಾವಾಸ್ಯೆ ಕಷಾಯಕ್ಕೆ ಪಾಲೆ ಮರದ ತೊಗಟೆ ಬದಲು ಕಾಸರಕನ ತೊಗಟೆ ಬಂದ್ರೆ ಅದು ವಿಷ.

ಈ ಸಲ ಊರಿಂದ ತರಿಸೋರು ಬೇರು ಸಮೇತ ಕೀಳ್ಬೇಡಿ ಅಂತ ಹೇಳಿ. ತುದಿ ಕೊಯ್ದ್ರೆ ಗಿಡ ಮತ್ತೆ ಚಿಗುರತ್ತೆ. ಒಂದೆರಡು ಕಡ್ಡಿನೂ ತರ್ಸಿ, ಬನಶಂಕರಿ ಬಾಲ್ಕನಿಯಲ್ಲಿ ಬಿಸಿಲು ಬೀಳದ ಮೂಲೆಯ ಕುಂಡದಲ್ಲಿ ನೆಟ್ಟು ನೋಡಿ. ನೀರು ಮಾತ್ರ ಮರೀಬೇಡಿ.