‘ನಮ್ಮಲ್ಲಿ ಅಂಥವರಿಲ್ಲ’ ಎಂಬ ಸುಳ್ಳು



ಹಬ್ಬದ ಊಟ, ಮಕ್ಕಳ ನಾಟಕದ ವರದಿಗಳ ನಡುವೆ ಈ ಸಲ ಉತ್ತರ ಕೊರಿಯಾದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ದಯವಿಟ್ಟು ಕೊನೆಯವರೆಗೂ ಓದಿ, ಆಮೇಲೆ ಬೈಯಿರಿ.

2013ರಲ್ಲಿ ವಿಶ್ವಸಂಸ್ಥೆ ಆ ದೇಶದ ಮಾನವ ಹಕ್ಕುಗಳ ಸ್ಥಿತಿಯನ್ನು ವಿಚಾರಿಸಲು ಆಯೋಗವೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ನಾವು ನೆಲೆಸಿರುವ ಈ ಆಸ್ಟ್ರೇಲಿಯಾದವರೇ: ಇಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಕರ್ಬಿ. ಉತ್ತರ ಕೊರಿಯಾ ಆಯೋಗವನ್ನು ಒಳಗೆ ಕಾಲಿಡಲು ಬಿಡಲಿಲ್ಲ. ತಪ್ಪಿಸಿಕೊಂಡು ಬಂದವರ ಸಾಕ್ಷ್ಯವನ್ನು ಸೋಲ್, ಟೋಕಿಯೊ, ಲಂಡನ್, ವಾಷಿಂಗ್ಟನ್ ನಗರಗಳಲ್ಲಿ ಬಹಿರಂಗವಾಗಿ ಕೇಳಲಾಯಿತು. 2014ರ ಫೆಬ್ರವರಿಯಲ್ಲಿ ಬಂದ ವರದಿಯ ಪ್ರಕಾರ ರಾಜಕೀಯ ಕೈದಿಗಳ ಶಿಬಿರಗಳಲ್ಲಿದ್ದವರು 80 ಸಾವಿರದಿಂದ 1 ಲಕ್ಷ 20 ಸಾವಿರ ಮಂದಿ.

ಇದಕ್ಕೆ ಆ ಸರ್ಕಾರದ ಉತ್ತರವೇನು? ಏಪ್ರಿಲ್‌ನಲ್ಲಿ ಅದರ ಸುದ್ದಿಸಂಸ್ಥೆ ಕರ್ಬಿಯವರನ್ನು ಸಲಿಂಗಕಾಮಿ, ಲಂಪಟ ಮುದುಕ ಎಂದು ಜರೆಯಿತು. ತಾವು ಸಲಿಂಗಪ್ರೇಮಿ ಎಂದು ಕರ್ಬಿ 1999ರಲ್ಲೇ ತಾವಾಗಿ ಬಹಿರಂಗಪಡಿಸಿದ್ದರು. ಸುದ್ದಿಸಂಸ್ಥೆ ಇನ್ನೊಂದು ಮಾತನ್ನೂ ಸೇರಿಸಿತು: ಸದಾಚಾರದ ನಮ್ಮ ನಾಡಿನಲ್ಲಿ ಇಂಥದ್ದು ಇಲ್ಲವೇ ಇಲ್ಲ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತಾಯಿತು.

ಇಲ್ಲವೇ? ಹಾಗಾದರೆ ಜಾಂಗ್ ಯೋಂಗ್-ಜಿನ್ ಯಾರು? ಆತ ಉತ್ತರ ಕೊರಿಯಾದಲ್ಲೇ ಹುಟ್ಟಿ ಬೆಳೆದವರು. ಮನಸ್ಸು ಬಾಲ್ಯದ ಗೆಳೆಯನ ಮೇಲಿತ್ತು. ಎಲ್ಲರಂತೆ ಮದುವೆಯಾಯಿತು, ಸಂಸಾರ ಕೂಡಲಿಲ್ಲ, ಮಕ್ಕಳಾಗಲಿಲ್ಲ. ವಿಚ್ಛೇದನ ಕೇಳಿದರು, ಸಿಗಲಿಲ್ಲ. ಕೊನೆಗೆ ಚೀನಾಕ್ಕೆ ಓಡಿದರು. ಅಲ್ಲಿಂದ ದಕ್ಷಿಣಕ್ಕೆ ದಾರಿ ಕಾಣದೆ ಮತ್ತೆ ಹಿಂತಿರುಗಿ, 1997ರಲ್ಲಿ ಕಾವಲಿನ ಗಡಿಯನ್ನೇ ದಾಟಿ ದಕ್ಷಿಣ ಕೊರಿಯಾ ಸೇರಿದರು. ತಮ್ಮಂಥವರಿಗೆ ಒಂದು ಹೆಸರಿದೆ ಎಂದು ತಿಳಿದದ್ದು ಅಲ್ಲಿ ಪತ್ರಿಕೆಯೊಂದನ್ನು ಓದಿದಾಗ. ಆಗ ಅವರಿಗೆ ಮೂವತ್ತು ದಾಟಿತ್ತು! 2015ರಲ್ಲಿ ತಮ್ಮ ಬದುಕನ್ನೇ ಕಾದಂಬರಿಯಾಗಿ ಪ್ರಕಟಿಸಿದರು.

ಸಲಿಂಗಕಾಮವನ್ನು ಹೆಸರಿಸಿ ಅಪರಾಧವೆನ್ನುವ ಕಲಮು ಹೊರಜಗತ್ತಿಗೆ ಗೊತ್ತಿರುವ ಉತ್ತರ ಕೊರಿಯಾದ ದಂಡಸಂಹಿತೆಯಲ್ಲಿ ಇಲ್ಲ. ಅದನ್ನು ಔದಾರ್ಯವೆಂದು ಯಾರೂ ಭ್ರಮಿಸಬೇಕಿಲ್ಲ. ಪತ್ರಿಕೆ, ರೇಡಿಯೊ, ಪುಸ್ತಕ ಎಲ್ಲವೂ ಸರ್ಕಾರದ ಮುಷ್ಟಿಯಲ್ಲಿರುವಾಗ ಕಾನೂನು ಯಾತಕ್ಕೆ? ಹೆಸರನ್ನೇ ಅಳಿಸಿದರೆ ಸಾಕು. ತನಗೇನಾಗಿದೆ ಎಂದು ತಿಳಿಯದವನು ತನ್ನಂಥ ಇನ್ನೊಬ್ಬನನ್ನು ಹುಡುಕುವುದೆಂತು? ಆ ಹೆಂಡತಿಯ ಬದುಕನ್ನೂ ನೆನೆಯಿರಿ. ಏನೂ ಅರಿಯದೆ ಶಿಕ್ಷೆ ಅನುಭವಿಸಿದವಳು ಆಕೆ.

‘ಅದು ಸರ್ವಾಧಿಕಾರ, ನಮಗೇನು?’ ಎನ್ನುವಿರಾ? ಜಾಂಗ್ ಗಡಿ ದಾಟಿದ 1997ರವರೆಗೆ ನಮ್ಮ ಟಾಸ್ಮೇನಿಯಾದಲ್ಲೂ ಇದು ಅಪರಾಧವಾಗಿತ್ತು. ಬ್ರಿಟಿಷರು 1860ರಲ್ಲಿ ಬರೆದ 377ನೇ ಕಲಮು ಭಾರತದಲ್ಲಿ 2018ರವರೆಗೆ ಇವರ ತಲೆಯ ಮೇಲೆ ತೂಗುತ್ತಿತ್ತು. ಎರಡೂ ಕಡೆ ಬದಲಾದದ್ದು ಬಾಯಿಬಿಟ್ಟು ಹೇಳುವವರು, ಕೇಳುವ ನ್ಯಾಯಾಲಯಗಳು, ಬರೆಯುವ ಪತ್ರಿಕೆಗಳು ಇದ್ದುದರಿಂದ.

ನಮ್ಮ ಮನೆಗಳನ್ನು ಆ ಶಿಬಿರಗಳಿಗೆ ಹೋಲಿಸುವ ಹುಚ್ಚು ನಮಗಿಲ್ಲ. ಆದರೆ ಕಾನೂನು ಹೋದ ಮೇಲೂ ನಮ್ಮ ಹಜಾರಗಳಲ್ಲಿ ಕೇಳಿಬರುವ ಮಾತು ಯಾವುದು? ‘ನಮ್ಮ ಕನ್ನಡದವರಲ್ಲಿ ಅಂಥವರಿಲ್ಲ.’ ‘ಊರಿಗೆ ಕರೆದುಕೊಂಡು ಹೋಗಿ ಒಂದು ಮದುವೆ ಮಾಡಿಬಿಡಿ, ಎಲ್ಲಾ ಸರಿಹೋಗುತ್ತದೆ.’ ಮೊದಲ ಮಾತು ಆ ಸುದ್ದಿಸಂಸ್ಥೆಯದು. ಎರಡನೆಯದರ ಫಲವೇನೆಂದು ಜಾಂಗ್ ದಂಪತಿಗಳ ಬದುಕೇ ಹೇಳಿದೆ. ಅಲ್ಲಿ ಸರ್ಕಾರ ಬಲವಂತದಿಂದ ಮಾಡಿಸುವ ಮೌನವನ್ನು ಇಲ್ಲಿ ನಾವು ಮರ್ಯಾದೆಯ ಹೆಸರಿನಲ್ಲಿ ಸ್ವಂತ ಖುಷಿಯಿಂದ ಮಾಡುತ್ತಿದ್ದೇವಲ್ಲ!

ಮಗನೋ ಮಗಳೋ ‘ಅಪ್ಪಾ, ಒಂದು ಮಾತು ಹೇಳಬೇಕು’ ಎಂದು ಬಂದಾಗ ಬಾಯಿ ಮುಚ್ಚಿಸಬೇಡಿ. ಕುಳಿತು ಕೇಳಿ. ನಾವು ಕೇಳಿಕೊಳ್ಳುವುದು ಇಷ್ಟೇ.

ಒಪ್ಪದವರು ಖಂಡಿತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ನಮಗೂ ಆ ದೇಶಕ್ಕೂ ಅಷ್ಟಾದರೂ ವ್ಯತ್ಯಾಸ ಇರಲಿ.